ಜ್ವಾಲಾಮುಖಿ ಬೂದಿಯ ಸಾಕ್ಷ್ಯ ಮತ್ತು ಕೃಷ್ಣಾ ಕೊಳ್ಳದ ಹೊಳೆದಂಡೆಗಳು

2025ರ ನವೆಂಬರ್ 23ರಂದು ಇಥಿಯೋಪಿಯದ ಅಫಾರ್ ಪ್ರದೇಶದಲ್ಲಿರುವ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸ್ಫೋಟಿಸಿ, ಅದರ ಬೂದಿ ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಚಿಮ್ಮಿತು. ಮೇಲ್ಗಾಳಿಯ ಸೆಳೆತಕ್ಕೆ ಸಿಕ್ಕ ಆ ಮೋಡ ಕೆಂಪು ಸಮುದ್ರ, ಯೆಮನ್ ಮತ್ತು ಒಮಾನ್‌ಗಳನ್ನು ಹಾದು, ಅರಬ್ಬಿ ಸಮುದ್ರವನ್ನು ದಾಟಿ, ಮರುದಿನ ರಾತ್ರಿಯ ಹೊತ್ತಿಗೆ ಗುಜರಾತ್, ರಾಜಸ್ಥಾನ ಮತ್ತು ದೆಹಲಿಯ ಆಕಾಶವನ್ನು ಮುಟ್ಟಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಮಾನ ಸಂಸ್ಥೆಗಳಿಗೆ ಎಚ್ಚರಿಕೆ ನೀಡಿತು. ಕೆಲವು ವಿಮಾನಗಳು ರದ್ದಾದವು. ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ಒಂದು ವಿಮಾನ ಅಹಮದಾಬಾದಿನಲ್ಲಿ ಇಳಿಯಬೇಕಾಯಿತು. 25ರ ಸಂಜೆಗೆಲ್ಲ ಮೋಡ ಚೀನಾದ ಕಡೆಗೆ ಸರಿದುಹೋಯಿತು, ಸುದ್ದಿಯೂ ಅದರ ಹಿಂದೆಯೇ ಸರಿಯಿತು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಇದನ್ನು ದೂರದ ಸುದ್ದಿಯೆಂದು ಓದಿ ಬಿಟ್ಟಿದ್ದರೆ ಅದು ಸಹಜವೇ, ಏಕೆಂದರೆ ಮೋಡದ ಮುಖ್ಯ ಪಥ ಉತ್ತರ ಭಾರತದ ಮೇಲಿತ್ತು. ಆದರೆ ಇಂದಿಗೆ ಸುಮಾರು 74 ಸಾವಿರ ವರ್ಷಗಳ ಹಿಂದೆ, ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿಯಿಂದ ಹೊರಟ ಇದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಬೂದಿಯ ಮೋಡವೊಂದು ಭಾರತ ಉಪಖಂಡದ ಬಹುಭಾಗವನ್ನು ಮುಚ್ಚಿತ್ತು. ಅದರ ಪದರಗಳು ಇಂದಿಗೂ ಭೀಮಾ ನದಿಯ ಮೇಲ್ಕೊಳ್ಳದಲ್ಲಿ, ಪುಣೆ ಜಿಲ್ಲೆಯ ಕುಕಡಿ ಮತ್ತು ಕರ್ಹಾ ನದಿಗಳ ದಂಡೆಗಳಲ್ಲಿ ಉಳಿದಿವೆ. ಕುಕಡಿಯ ನೀರು ಘೋಡ್ ನದಿಯ ಮೂಲಕ, ಕರ್ಹೆಯ ನೀರು ನೀರಾ ನದಿಯ ಮೂಲಕ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಮುಂದೆ ಇಂಡಿ, ಸಿಂದಗಿ ಸೀಮೆಗಳ ಗಡಿಯಲ್ಲಿ ಹರಿಯುತ್ತದೆ. ಮೇಲ್ಕೊಳ್ಳದಲ್ಲಿ ಬಿದ್ದ ಬೂದಿ ಕೆಳಕೊಳ್ಳದಲ್ಲಿ ಬೀಳದೆ ಇರಲು ಕಾರಣವಿಲ್ಲ. ಹೀಗಿರುವಾಗ, ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು ಏರಿಸುವ ಸಿದ್ಧತೆ ನಡೆದಿರುವ ಈ ಹೊತ್ತಿನಲ್ಲಿ, ನಮ್ಮ ಹೊಳೆದಂಡೆಗಳ ಮಣ್ಣನ್ನು ಈ ಬೂದಿಗಾಗಿ ವ್ಯವಸ್ಥಿತವಾಗಿ ಪರೀಕ್ಷಿಸಬೇಕೆಂಬುದು ಈ ಲೇಖನದ ವಾದ. ಆ ವಾದಕ್ಕೆ ಬಲ ಬರಬೇಕಾದರೆ, ಹಿಡಿಯಷ್ಟು ಬೂದಿಯಿಂದ ವಿಜ್ಞಾನಿಗಳು ಏನನ್ನು ಓದಿ ತೆಗೆಯುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ನಮ್ಮ ಕಡೆ ಬೂದಿ ಎಂದೊಡನೆ ಕಣ್ಣ ಮುಂದೆ ಬರುವುದು ಒಲೆಯ ಬೂದಿ, ಇಲ್ಲವೇ ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ ಹಾರಿ ಬಂದು ಅಂಗಳದ ಬಟ್ಟೆಗಳ ಮೇಲೆ ಕೂರುವ ಕಪ್ಪು ಚೂರುಗಳು. ಅವು ಉರಿದು ಉಳಿದ ವಸ್ತುಗಳು, ಮೆತ್ತಗಿನವು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತವೆ. ಜ್ವಾಲಾಮುಖಿಯ ಬೂದಿಯಲ್ಲಿ ಉರಿದದ್ದು ಏನೂ ಇಲ್ಲ. ಭೂಮಿಯೊಳಗಿನ ಶಿಲಾರಸದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ಒತ್ತಡದಲ್ಲಿ ಕರಗಿಕೊಂಡಿರುತ್ತವೆ. ಶಿಲಾರಸ ಮೇಲೇರಿದಂತೆ ಒತ್ತಡ ಇಳಿದು ಅನಿಲಗಳು ಗುಳ್ಳೆಗಳಾಗಿ ಹಿಗ್ಗುತ್ತವೆ. ರಸ ದಪ್ಪವಾಗಿದ್ದು ಗುಳ್ಳೆಗಳಿಗೆ ಹೊರಬರಲು ದಾರಿ ಸಿಗದಿದ್ದರೆ ಇಡೀ ರಾಶಿಯೇ ಚೂರುಚೂರಾಗಿ ಸಿಡಿಯುತ್ತದೆ. ಆ ಚೂರುಗಳು ಗಾಳಿಯಲ್ಲಿ ಕ್ಷಣಮಾತ್ರದಲ್ಲಿ ತಣ್ಣಗಾಗುವುದರಿಂದ ಹರಳುಗಟ್ಟಲು ಸಮಯ ಸಿಗದೆ ಗಾಜಾಗುತ್ತವೆ. ಹೀಗೆ ಗಾಜು, ಖನಿಜದ ಹರಳು ಮತ್ತು ಹಳೆಯ ಬಂಡೆಯ ತುಣುಕು ಈ ಮೂರೂ ಬೆರೆತ, 2 ಮಿಲಿಮೀಟರಿಗಿಂತ ಸಣ್ಣದಾದ ಪುಡಿಗೆ ಜ್ವಾಲಾಮುಖಿ ಬೂದಿ ಎಂದು ಹೆಸರು. ಅದು ನೀರಿನಲ್ಲಿ ಕರಗುವುದಿಲ್ಲ, ಗಡಸಾಗಿರುತ್ತದೆ ಮತ್ತು ಅದರ ಅಂಚುಗಳು ಚೂಪಾಗಿರುತ್ತವೆ.

ವಿಮಾನಗಳಿಗೆ ಅದು ಅಪಾಯಕಾರಿಯಾಗುವುದು ಈ ಗುಣಗಳಿಂದಲೇ. ಜೆಟ್ ಎಂಜಿನ್ನಿನ ಒಳಗಿನ ಶಾಖ ಬೂದಿಯ ಗಾಜನ್ನು ಕರಗಿಸುವಷ್ಟಿರುತ್ತದೆ. ಕರಗಿದ ಗಾಜು ಮುಂದಿನ ತಂಪು ಭಾಗಗಳಿಗೆ ಅಂಟಿಕೊಂಡು ಗಟ್ಟಿಯಾಗಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. 1982ರ ಜೂನ್‌ನಲ್ಲಿ ಇಂಡೋನೇಷ್ಯದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ನಾಲ್ಕೂ ಎಂಜಿನ್‌ಗಳು ನಿಂತುಹೋಗಿದ್ದವು. ಅದು ಬೂದಿಯಿಂದ ಕೆಳಗಿಳಿದ ಮೇಲೆ ಎಂಜಿನ್‌ಗಳು ಮತ್ತೆ ಚಾಲೂ ಆಗಿ ಜಕಾರ್ತದಲ್ಲಿ ಸುರಕ್ಷಿತವಾಗಿ ಇಳಿಯಿತು. ಇಂದು ಜಗತ್ತನ್ನು ಒಂಬತ್ತು ವಲಯಗಳಾಗಿ ಹಂಚಿಕೊಂಡ ಬೂದಿ ಎಚ್ಚರಿಕಾ ಕೇಂದ್ರಗಳಿವೆ. ಹೈಲಿ ಗುಬ್ಬಿಯ ಬೂದಿಯ ಮೇಲೆ ಕಣ್ಣಿಟ್ಟು ಸೂಚನೆ ಹೊರಡಿಸಿದ್ದು ಫ್ರಾನ್ಸಿನ ಟುಲೂಸ್‌ನಲ್ಲಿರುವ ಕೇಂದ್ರ. ಅಪಾಯ ನಿರ್ವಹಣೆಯ ಈ ಭಾಗ ಸಾಕಷ್ಟು ಚರ್ಚೆಯಾಗಿದೆ. ಬೂದಿ ನೆಲಕ್ಕೆ ಬಿದ್ದ ಮೇಲೆ ಅದರಿಂದ ಏನು ತಿಳಿಯುತ್ತದೆ ಎಂಬ ಭಾಗ ಅಷ್ಟು ಚರ್ಚೆಯಾಗಿಲ್ಲ.

ಸೂಕ್ಷ್ಮದರ್ಶಕದಡಿ ಇಟ್ಟಾಗ ಕಣದ ಆಕಾರವೇ ಮೊದಲ ಸುಳಿವು ಕೊಡುತ್ತದೆ. ಒಡೆದ ಗುಳ್ಳೆಯ ಬಾಗಿದ ಗೋಡೆಗಳಂತಿರುವ ತೆಳುವಾದ ಚೂರುಗಳು ಅನಿಲದ ಒತ್ತಡದಿಂದಾದ ಸ್ಫೋಟವನ್ನು ಸೂಚಿಸುತ್ತವೆ. ಗುಳ್ಳೆಗಳಿಲ್ಲದ ಮೂಲೆಮೂಲೆಯಾದ ಕಣಗಳು ಹೆಚ್ಚಾಗಿದ್ದರೆ ಶಿಲಾರಸಕ್ಕೆ ಅಂತರ್ಜಲವೋ ಸಮುದ್ರದ ನೀರೋ ತಗುಲಿ ಸಿಡಿದಿರಬಹುದೆಂದು ತಿಳಿಯಬಹುದು. ಹರಳುಗಳೊಳಗೆ ಸಿಕ್ಕಿಕೊಂಡ ಸೂಕ್ಷ್ಮ ಗಾಜಿನ ಹನಿಗಳಲ್ಲಿ, ಸ್ಫೋಟಕ್ಕೆ ಮುಂಚೆ ಶಿಲಾರಸದಲ್ಲಿ ಎಷ್ಟು ಅನಿಲ ಕರಗಿತ್ತು ಎಂಬ ಲೆಕ್ಕವೂ ಉಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಬೂದಿಯಲ್ಲಿ ಹೊಸ ಗಾಜಿದೆಯೇ ಅಥವಾ ಬರೀ ಹಳೆಯ ಬಂಡೆಯ ಪುಡಿಯೇ ಎಂಬುದು. ಹೊಸ ಗಾಜಿದ್ದರೆ ಶಿಲಾರಸ ಮೇಲೆ ಬಂದಿದೆ ಎಂದರ್ಥ. ಇಲ್ಲದಿದ್ದರೆ ಬಿಸಿನೀರಾವಿ ಹಳೆಯ ಬಂಡೆಯನ್ನು ಒಡೆದಿರಬಹುದು. ಈ ಓದು ತಪ್ಪಿದರೆ ಪರಿಣಾಮ ಎಷ್ಟು ದೊಡ್ಡದೆಂಬುದಕ್ಕೆ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪ ಸಾಕ್ಷಿಯಾಗಿದೆ. 1976ರಲ್ಲಿ ಅಲ್ಲಿನ ಸೂಫ್ರಿಯೇರ್ ಜ್ವಾಲಾಮುಖಿಯ ಬೂದಿಯಲ್ಲಿ ಹೊಸ ಗಾಜಿದೆಯೆಂಬ ವರದಿ ಬಂದು, 70 ಸಾವಿರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಮನೆಗಳಿಂದ ದೂರ ಇರಿಸಲಾಯಿತು. ಕೊನೆಗೆ ದೊಡ್ಡ ಸ್ಫೋಟ ಆಗಲೇ ಇಲ್ಲ. ಗಾಜೆಂದು ಓದಿದ್ದ ವಸ್ತು ಹೊಸ ಶಿಲಾರಸದ್ದಾಗಿರಲಿಲ್ಲವೆಂದು ಮುಂದೆ ಒಪ್ಪಲಾಯಿತು. ಆ ಘಟನೆಯ ಸುತ್ತ ಫ್ರಾನ್ಸಿನ ವಿಜ್ಞಾನಿಗಳ ನಡುವೆ ನಡೆದ ಬಹಿರಂಗ ಜಗಳ, ಬೂದಿಯ ಪರೀಕ್ಷೆಯನ್ನು ಕಟ್ಟುನಿಟ್ಟಾದ ಶಿಸ್ತಾಗಿ ಬೆಳೆಸಲು ಒತ್ತಾಯಿಸಿದ ಪ್ರಸಂಗಗಳಲ್ಲಿ ಒಂದು.

ಆಕಾರದ ನಂತರ ರಾಸಾಯನಿಕ ಸಂಯೋಜನೆ. ಎಲೆಕ್ಟ್ರಾನ್ ಕಿರಣವನ್ನು ಗಾಜಿನ ಒಂದೊಂದೇ ಚೂರಿನ ಮೇಲೆ ಹಾಯಿಸಿ, ಅದರಲ್ಲಿ ಸಿಲಿಕಾ, ಪೊಟ್ಯಾಷಿಯಂ, ಕಬ್ಬಿಣ, ಸುಣ್ಣದ ಅಂಶ ಎಷ್ಟೆಷ್ಟಿದೆ ಎಂದು ಅಳೆಯುವ ಉಪಕರಣಗಳಿವೆ. ಪ್ರತಿ ಜ್ವಾಲಾಮುಖಿಯ, ಹಲವೊಮ್ಮೆ ಒಂದೇ ಜ್ವಾಲಾಮುಖಿಯ ಪ್ರತಿ ಸ್ಫೋಟದ, ಗಾಜಿನ ಮಿಶ್ರಣ ಬೇರೆಯಾಗಿರುತ್ತದೆ. ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿದ ಕರಿಕಲ್ಲು ಬಸಾಲ್ಟ್. ಅದರಲ್ಲಿ ಸಿಲಿಕಾ ಶೇಕಡಾ 50ರ ಆಸುಪಾಸಿನಲ್ಲಿರುತ್ತದೆ. ಸುಮಾತ್ರಾದ ಟೋಬಾ ಜ್ವಾಲಾಮುಖಿಯ ಗಾಜಿನಲ್ಲಿ ಅದು ಶೇಕಡಾ 75ಕ್ಕೂ ಹೆಚ್ಚು. ಆದ್ದರಿಂದ ದಖ್ಖನ್ನಿನ ಹೊಳೆಯೊಂದರ ಹೂಳಿನಲ್ಲಿ ಸಿಲಿಕಾ ಸಮೃದ್ಧವಾದ, ಬಣ್ಣವಿಲ್ಲದ, ಬಾಗಿದ ಗಾಜಿನ ಚೂರು ಸಿಕ್ಕರೆ ಅದು ಸುತ್ತಲಿನ ಕರಿಕಲ್ಲಿನಿಂದ ಬಂದದ್ದಲ್ಲವೆಂದು ಅನುಮಾನಕ್ಕೆಡೆಯಿಲ್ಲದೆ ಹೇಳಬಹುದು. ಬೂದಿ ಕೆಲವೇ ದಿನ, ವಾರಗಳಲ್ಲಿ ಸಾವಿರಾರು ಕಿಲೋಮೀಟರ್ ಅಗಲಕ್ಕೆ ಬಿದ್ದು ಮುಗಿಯುತ್ತದೆ. ಹೀಗಾಗಿ ಎರಡು ದೂರದ ಸ್ಥಳಗಳಲ್ಲಿ ಒಂದೇ ಬೂದಿ ಸಿಕ್ಕರೆ ಅವೆರಡರ ಆ ಪದರಗಳು ಒಂದೇ ಕಾಲದವೆಂದು ತಿಳಿಯುತ್ತದೆ. ಭೂವಿಜ್ಞಾನದಲ್ಲಿ ಇಷ್ಟು ಖಚಿತವಾಗಿ ಕಾಲವನ್ನು ಕೂಡಿಸಿಕೊಡುವ ಸಾಧನಗಳು ಬಹಳಿಲ್ಲ.

ವಯಸ್ಸನ್ನು ವರ್ಷಗಳಲ್ಲಿ ಹೇಳಬೇಕಾದರೆ ಹರಳುಗಳ ಮೊರೆಹೋಗಬೇಕು. ಬೂದಿಯಲ್ಲಿನ ಪೊಟ್ಯಾಷಿಯಂನ ಒಂದು ಅತಿ ಸಣ್ಣ ಪಾಲು ವಿಕಿರಣಶೀಲವಾಗಿದ್ದು, ಅದರ ಅರ್ಧಾಯುಷ್ಯ 125 ಕೋಟಿ ವರ್ಷ. ಅದು ಕ್ಷಯಿಸಿದಾಗ ಭಾಗಶಃ ಆರ್ಗಾನ್ ಅನಿಲವಾಗಿ ಹರಳಿನೊಳಗೆ ಕೂಡಿಕೊಳ್ಳುತ್ತದೆ. ಶಿಲಾರಸ ಕುದಿಯುವಾಗ ಹಳೆಯ ಆರ್ಗಾನ್ ಹೊರಟುಹೋಗುವುದರಿಂದ, ಈಗ ಅಳೆದ ಆರ್ಗಾನ್ ಸ್ಫೋಟದ ನಂತರದ ಕಾಲವನ್ನು ಹೇಳುತ್ತದೆ. ತತ್ವ ಸರಳ, ತೊಡಕಿರುವುದು ಶುದ್ಧಿಯಲ್ಲಿ. ಕೀನ್ಯಾದ ತುರ್ಕಾನಾ ಸರೋವರದ ಬಳಿ ಮನುಷ್ಯನ ಪೂರ್ವಿಕರ ಎಲುಬುಗಳಿದ್ದ ಮಣ್ಣಿನ ಮೇಲಿನ ಬೂದಿಯ ಪದರಕ್ಕೆ ಮೊದಲು 26 ಲಕ್ಷ ವರ್ಷವೆಂದು ವಯಸ್ಸು ಕಟ್ಟಲಾಗಿತ್ತು. ಅದೇ ಪದರದ ಕೆಳಗೆ ಸಿಕ್ಕ ಹಂದಿಗಳ ಪಳೆಯುಳಿಕೆಗಳು ಬೇರೆಡೆಯ ಸಾಕ್ಷ್ಯಕ್ಕೆ ಹೊಂದಲಿಲ್ಲ. ವರ್ಷಾನುಗಟ್ಟಲೆ ವಾದ ನಡೆದು, ಬೂದಿಯೊಳಗೆ ಹೊಳೆಯ ನೀರಿನಲ್ಲಿ ಬಂದ ಹಳೆಯ ಕಣಗಳು ಬೆರೆತಿದ್ದುದು ಮನವರಿಕೆಯಾಗಿ, ವಯಸ್ಸು ಸುಮಾರು 19 ಲಕ್ಷ ವರ್ಷಕ್ಕೆ ಇಳಿಯಿತು.

ಇದೇ ಬಗೆಯ ವಾದ ನಮ್ಮ ಭೀಮಾ ಕೊಳ್ಳದಲ್ಲಿಯೂ ನಡೆದಿದೆ, ಮತ್ತು ಅದು ಕನ್ನಡದ ಓದುಗರಿಗೆ ತಿಳಿಯಬೇಕಾದಷ್ಟು ತಿಳಿದಿಲ್ಲವೆಂಬುದು ನನ್ನ ಅನಿಸಿಕೆ. 1980ರ ದಶಕದಲ್ಲಿ ಕುಕಡಿ ನದಿಯ ದಂಡೆಯ ಬೋರಿ ಎಂಬ ಊರಿನ ಬಳಿ, ಮೆಕ್ಕಲು ಮಣ್ಣಿನ ನಡುವೆ ಬಿಳಿ ಬೂದಿಯ ಪದರವೊಂದು ಬೆಳಕಿಗೆ ಬಂತು. ಅದರ ಜೊತೆಯ ಜಲ್ಲಿಯಲ್ಲಿ ಹಳೆ ಶಿಲಾಯುಗದ ಕೈಗೊಡಲಿಯಂತಹ ಕಲ್ಲಿನ ಉಪಕರಣಗಳಿದ್ದವು. 1989ರಲ್ಲಿ ಪ್ರಕಟವಾದ ಮೊದಲ ಅಳತೆ ಬೂದಿಗೆ ಸುಮಾರು 14 ಲಕ್ಷ ವರ್ಷ ವಯಸ್ಸೆಂದಿತು. ಅದು ನಿಜವಾಗಿದ್ದರೆ ಬೋರಿಯ ಉಪಕರಣಗಳು ಉಪಖಂಡದ ಅತಿ ಹಳೆಯ ಮಾನವ ಕುರುಹುಗಳ ಸಾಲಿಗೆ ಸೇರುತ್ತಿದ್ದವು. 1995ರಲ್ಲಿ ಬಂದ ಮತ್ತೊಂದು ಅಳತೆ 6.7 ಲಕ್ಷ ವರ್ಷ ಎಂದಿತು. 1998ರಲ್ಲಿ ಭೂವಿಜ್ಞಾನಿ ವೆಸ್ಟ್‌ಗೇಟ್ ಮತ್ತು ಸಂಗಡಿಗರು ಭಾರತದ ಹಲವು ನದಿಗಳ ಬೂದಿಯನ್ನು ಒಟ್ಟಿಗೆ ಪರೀಕ್ಷಿಸಿ, ಬೋರಿಯೂ ಸೇರಿದಂತೆ ಪರ್ಯಾಯದ್ವೀಪದ ಈ ಬೂದಿಯೆಲ್ಲವೂ ಸುಮಾರು 75 ಸಾವಿರ ವರ್ಷಗಳ ಹಿಂದಿನ ಟೋಬಾ ಸ್ಫೋಟದ್ದೇ ಎಂಬ ತೀರ್ಮಾನಕ್ಕೆ ಬಂದರು.

ಒಂದೇ ಪದರಕ್ಕೆ 14 ಲಕ್ಷ, 6.7 ಲಕ್ಷ, 75 ಸಾವಿರ ಎಂಬ ಮೂರು ವಯಸ್ಸುಗಳು ಹೇಗೆ ಬಂದವು? ಕುಕಡಿ ಹರಿಯುವುದು ದಖ್ಖನ್ನಿನ ಕರಿಕಲ್ಲಿನ ಮೇಲೆ. ಆ ಕಲ್ಲಿನ ವಯಸ್ಸು ಸುಮಾರು 6.6 ಕೋಟಿ ವರ್ಷ. ಮಳೆಗೆ ಕೊಚ್ಚಿ ಬಂದ ಬೂದಿಯೊಳಗೆ ಆ ಕಲ್ಲಿನ ಪುಡಿ ಬೆರೆಯುವುದು ತೀರ ಸಾಧ್ಯವಾದ ಸಂಗತಿ. ಪೊಟ್ಯಾಷಿಯಂ ಪ್ರಮಾಣ ಎರಡರಲ್ಲೂ ಸಮಾನವೆಂದು ಲೆಕ್ಕಕ್ಕಾಗಿ ಭಾವಿಸಿದರೆ, ನೂರಕ್ಕೆ ಒಂದು ಪಾಲು ಹಳೆಯ ಪುಡಿ ಬೆರೆತರೂ ಸಾಕು, ಬೂದಿಯ ವಯಸ್ಸು ಆರೂವರೆ ಲಕ್ಷ ವರ್ಷದಷ್ಟು ಹಿಗ್ಗಿ ಕಾಣುತ್ತದೆ. ಕಣಗಳನ್ನು ರಾಶಿಯಾಗಿ ಅಳೆಯುವ ಹಳೆಯ ಕ್ರಮದಲ್ಲಿ ಈ ಕಲಬೆರಕೆ ಕಾಣಿಸುವುದೇ ಇಲ್ಲ. ಒಂದೊಂದೇ ಹರಳನ್ನು, ಒಂದೊಂದೇ ಗಾಜಿನ ಚೂರನ್ನು ಅಳೆಯುವ ಕ್ರಮಗಳು ಬಂದ ಮೇಲೆ ಚಿತ್ರ ಬದಲಾಯಿತು. ಇನ್ನೊಂದು ತೊಡಕೂ ಇತ್ತು. ಟೋಬಾ ಒಮ್ಮೆ ಮಾತ್ರ ಸಿಡಿದ ಪರ್ವತವಲ್ಲ. ಸುಮಾರು 8 ಲಕ್ಷ ವರ್ಷಗಳ ಹಿಂದೆಯೂ, 5 ಲಕ್ಷ ವರ್ಷಗಳ ಹಿಂದೆಯೂ ಅದು ದೊಡ್ಡದಾಗಿ ಸಿಡಿದಿತ್ತು, ಮತ್ತು ಆ ಸ್ಫೋಟಗಳ ಗಾಜಿನ ಮಿಶ್ರಣಗಳು ಪರಸ್ಪರ ಬಹಳ ಹತ್ತಿರವಾಗಿವೆ. ಆದ್ದರಿಂದ ‘ಟೋಬಾ ಬೂದಿ’ ಎಂದು ಗುರುತಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೋರಿ ಮತ್ತು ಕರ್ಹಾ ದಂಡೆಯ ಮೋರಗಾಂವ್‌ನ ಕೈಗೊಡಲಿಗಳು ಅಷ್ಟು ಈಚಿನವಾಗಿರಲು ಸಾಧ್ಯವಿಲ್ಲ, ಆದ್ದರಿಂದ ಬೂದಿಯೂ ಹಳೆಯದೇ ಎಂದು ವಾದಿಸಿದ ಪುರಾತತ್ವಜ್ಞರೂ ಇದ್ದಾರೆ. ನನಗೆ ಗಾಜಿನ ಸಾಕ್ಷ್ಯವೇ ಹೆಚ್ಚು ಬಲವಾಗಿ ಕಾಣುತ್ತದೆ. ಹೊಳೆಯ ಜಲ್ಲಿಯಲ್ಲಿ ಹಳೆಯ ಉಪಕರಣ ಹೊರಳಿ ಬಂದು ಹೊಸ ಬೂದಿಯ ಪಕ್ಕದಲ್ಲಿ ನಿಲ್ಲುವುದಕ್ಕೆ ಯಾವ ಅಡ್ಡಿಯೂ ಇಲ್ಲ.

74 ಸಾವಿರ ವರ್ಷಗಳ ಹಿಂದಿನ ಆ ಸ್ಫೋಟದ ಗಾತ್ರವನ್ನು ಇಂದಿನ ಸುದ್ದಿಗಳ ಅಳತೆಯಲ್ಲಿ ಊಹಿಸುವುದು ಕಷ್ಟ. ಅದು ಹೊರಹಾಕಿದ ಶಿಲಾರಸದ ಪ್ರಮಾಣವನ್ನು 2,800 ಘನ ಕಿಲೋಮೀಟರ್ ಎಂದು ಬಹುಕಾಲ ಅಂದಾಜಿಸಲಾಗಿತ್ತು. ಈಚಿನ ಕೆಲವು ಅಂದಾಜುಗಳು ಅದಕ್ಕಿಂತಲೂ ಹೆಚ್ಚು ಹೇಳುತ್ತವೆ. ಕುಸಿದ ನೆಲದಲ್ಲಿ ಈಗ ಸುಮಾರು 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಸರೋವರವಿದೆ. ಅಲ್ಲಿಂದ ವಿಜಯಪುರಕ್ಕೆ ನೇರ ದೂರ ಸುಮಾರು 3,000 ಕಿಲೋಮೀಟರ್. ಆಫ್ರಿಕದ ಮಲಾವಿ ಸರೋವರದ ತಳದಲ್ಲಿ, ದಕ್ಷಿಣ ಆಫ್ರಿಕದ ಪಿನಕಲ್ ಪಾಯಿಂಟ್ ಎಂಬಲ್ಲಿನ ಮಾನವ ನೆಲೆಯಲ್ಲಿ ಕೂಡ ಕಣ್ಣಿಗೆ ಕಾಣದಷ್ಟು ಸಣ್ಣ ಟೋಬಾ ಗಾಜಿನ ಚೂರುಗಳನ್ನು ಮಣ್ಣಿನಿಂದ ಬೇರ್ಪಡಿಸಿ ಗುರುತಿಸಲಾಗಿದೆ. ಬೂದಿಯ ಪದರ ಕಣ್ಣಿಗೆ ಕಾಣಲೇಬೇಕೆಂಬ ಷರತ್ತು ಈಗ ಉಳಿದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ನಮ್ಮ ಎರೆಭೂಮಿಯ ವಿಚಾರದಲ್ಲಿ ಅದು ನಿರ್ಣಾಯಕ.

ಭಾರತದಲ್ಲಿ ಈ ಬೂದಿಯ ಅತಿ ಫಲಪ್ರದ ಓದು ನಡೆದದ್ದು ಆಂಧ್ರಪ್ರದೇಶದ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ, ಜುರ್ರೇರು ಹೊಳೆಯ ಕಣಿವೆಯಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವ ವಿದ್ವಾಂಸ ರವಿ ಕೋರಿಶೆಟ್ಟರ ಮತ್ತು ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಬೋರಿಯ ಬೂದಿಯ ಮೊದಲ ಅಧ್ಯಯನದಲ್ಲಿಯೂ ಕೋರಿಶೆಟ್ಟರ ಅವರ ಪಾತ್ರವಿತ್ತು. ಜ್ವಾಲಾಪುರಂನಲ್ಲಿ ಬೂದಿಯ ರಾಶಿ ಎರಡು ಮೀಟರಿಗೂ ಹೆಚ್ಚು ದಪ್ಪವಿದೆ. ಆಕಾಶದಿಂದ ನೇರವಾಗಿ ಬಿದ್ದದ್ದು ತಳದ ಕೆಲವೇ ಸೆಂಟಿಮೀಟರ್; ಉಳಿದದ್ದು ಸುತ್ತಲಿನ ಇಳಿಜಾರುಗಳಿಂದ ಮಳೆಗೆ ತೊಳೆದು ಬಂದು ತಗ್ಗಿನಲ್ಲಿ ಕೂಡಿಕೊಂಡದ್ದು. ಈ ಬೂದಿಯ ಕೆಳಗೂ ಮೇಲೂ ಹಳೆ ಶಿಲಾಯುಗದ ಮಧ್ಯ ಹಂತದ ಬಗೆಯ ಕಲ್ಲಿನ ಉಪಕರಣಗಳು ಸಿಕ್ಕವು, ಮತ್ತು ಅವುಗಳ ತಯಾರಿಕೆಯ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಈ ಸಣ್ಣ ಸಂಗತಿಗೆ ದೊಡ್ಡ ಅರ್ಥವಿದೆ. ಟೋಬಾ ಸ್ಫೋಟದಿಂದ ವರ್ಷಗಟ್ಟಲೆ ಸೂರ್ಯನ ಬೆಳಕು ಮಂಕಾಗಿ, ಜಗತ್ತಿನ ಮನುಷ್ಯರು ಕೆಲವೇ ಸಾವಿರಕ್ಕೆ ಇಳಿದರೆಂಬ ಸಿದ್ಧಾಂತ 1990ರ ದಶಕದಲ್ಲಿ ಬಲವಾಗಿತ್ತು. ಬೂದಿ ಬಿದ್ದ ನೆಲದಲ್ಲಿಯೇ ಅದೇ ಬಗೆಯ ಉಪಕರಣ ಮಾಡುವ ಜನ ಮುಂದುವರಿದಿದ್ದರೆ ಆ ಸಿದ್ಧಾಂತ ಹೇಗೆ ನಿಲ್ಲುತ್ತದೆ? 2020ರಲ್ಲಿ ಮಧ್ಯಪ್ರದೇಶದ ಸೋನ್ ಕಣಿವೆಯ ಧಾಬಾ ಎಂಬ ನೆಲೆಯಿಂದ ಬಂದ ವರದಿಯೂ ಸುಮಾರು 80 ಸಾವಿರ ವರ್ಷಗಳಿಂದ ಈಚೆಗೆ, ಟೋಬಾದ ಕಾಲವನ್ನು ದಾಟಿ, ಜನವಸತಿ ಮುಂದುವರಿದ ಚಿತ್ರವನ್ನೇ ಕೊಟ್ಟಿತು. ಮಲಾವಿ ಸರೋವರದ ತಳದಲ್ಲಿ ತೀವ್ರ ಚಳಿಯ ಗುರುತು ಕಾಣಲಿಲ್ಲ. ಇನ್ನೊಂದು ಕಡೆ, ಬಂಗಾಳ ಕೊಲ್ಲಿಯ ತಳದ ಪರಾಗಕಣಗಳನ್ನೂ ಮಧ್ಯಭಾರತದ ಹಳೆಯ ಮಣ್ಣಿನ ಇಂಗಾಲವನ್ನೂ ಅಳೆದವರು, ಬೂದಿಯ ನಂತರ ಕಾಡು ಕಡಿಮೆಯಾಗಿ ಹುಲ್ಲು ಹೆಚ್ಚಿತೆಂದು 2009ರಲ್ಲಿ ವಾದಿಸಿದ್ದಾರೆ. ಇಲ್ಲಿ ಬೂದಿಯನ್ನೂ ಅನಿಲವನ್ನೂ ಬೇರೆ ಮಾಡಿ ನೋಡಬೇಕು. ಹವಾಮಾನವನ್ನು ತಂಪಾಗಿಸುವುದು ಮುಖ್ಯವಾಗಿ ಗಂಧಕದ ಅನಿಲದಿಂದಾಗುವ ಸೂಕ್ಷ್ಮ ಹನಿಗಳು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೋ ಜಗತ್ತಿನ ಸರಾಸರಿ ಉಷ್ಣತೆಯನ್ನು ತಾತ್ಕಾಲಿಕವಾಗಿ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಸಿದ್ದು ಅದರಿಂದಲೇ. ಬೂದಿಯ ಪ್ರಮಾಣ ದೊಡ್ಡದೆಂದ ಮಾತ್ರಕ್ಕೆ ಗಂಧಕದ ಪ್ರಮಾಣವೂ ಅದೇ ಅನುಪಾತದಲ್ಲಿ ದೊಡ್ಡದಾಗಬೇಕಿಲ್ಲ. ಟೋಬಾದಿಂದ ನಿಜವಾಗಿ ಏನಾಯಿತೆಂಬುದನ್ನು ಸ್ಥಳದಿಂದ ಸ್ಥಳಕ್ಕೆ, ಮಣ್ಣಿನಿಂದ ಮಣ್ಣಿಗೆ ಹುಡುಕಿಯೇ ತಿಳಿಯಬೇಕು. ಒಂದು ಜ್ವಾಲಾಪುರಂ, ಒಂದು ಧಾಬಾ ಇಡೀ ಪರ್ಯಾಯದ್ವೀಪದ ಕಥೆಯನ್ನು ಹೇಳಲಾರವು.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮತ್ತು ಭೀಮಾ ನದಿಗಳ ಕೊಳ್ಳಗಳು ಈ ಚರ್ಚೆಗೆ ಬರುವುದು ಇಲ್ಲಿಯೇ. ಈ ಸೀಮೆ ಮಾನವ ಇತಿಹಾಸದ ದೃಷ್ಟಿಯಿಂದ ಬರಡಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಬೆಳಗಾವಿ ಮತ್ತು ಕಲಾದಗಿ ಸೀಮೆಗಳನ್ನೊಳಗೊಂಡ ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯ ಮೇಲೆ 1876ರಲ್ಲಿಯೇ ದೊಡ್ಡ ವರದಿ ಪ್ರಕಟಿಸಿದರು. ಮಲಪ್ರಭೆ, ಘಟಪ್ರಭೆಗಳ ಜಲ್ಲಿಯಲ್ಲಿ ಶಿಲಾಯುಗದ ಉಪಕರಣಗಳನ್ನು ಗುರುತಿಸಿದವರೂ ಅವರೇ. ಬಾದಾಮಿ ತಾಲ್ಲೂಕಿನ ಖ್ಯಾಡದಂತಹ ನೆಲೆಗಳು ಪುರಾತತ್ವದ ಪಠ್ಯಗಳಲ್ಲಿ ದಶಕಗಳಿಂದ ಇವೆ. ಕಲಾದಗಿ ಶಿಲಾಸಮೂಹದ ಗಟ್ಟಿ ಬೆಣಚುಕಲ್ಲು ಉಪಕರಣ ಮಾಡಲು ಹೇಳಿ ಮಾಡಿಸಿದ ವಸ್ತುವಾದ್ದರಿಂದ ಇಲ್ಲಿನ ಹೊಳೆದಂಡೆಗಳಲ್ಲಿ ಉಪಕರಣಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಕಾಲನಿರ್ಣಯಕ್ಕೆ. ಹೊಳೆಯ ಜಲ್ಲಿಯಲ್ಲಿ ಸಿಕ್ಕ ಕಲ್ಲಿಗೆ ತನ್ನದೇ ವಯಸ್ಸಿನ ಗುರುತಿರುವುದಿಲ್ಲ. ಜೀವಿಗಳ ಉಳಿಕೆಯಲ್ಲಿನ ವಿಕಿರಣಶೀಲ ಇಂಗಾಲವನ್ನು ಅಳೆಯುವ ವಿಧಾನ ಸುಮಾರು 50 ಸಾವಿರ ವರ್ಷಗಳಾಚೆಗೆ ಕೆಲಸ ಮಾಡುವುದಿಲ್ಲ. ಇಂತಹ ಕಡೆ ಟೋಬಾ ಗಾಜಿನ ಒಂದು ತೆಳುವಾದ ಸುಳಿವು ಸಿಕ್ಕರೂ, ಅದರ ಕೆಳಗಿನದೆಲ್ಲ 74 ಸಾವಿರ ವರ್ಷಗಳಿಗಿಂತ ಹಳೆಯದು, ಮೇಲಿನದು ಈಚಿನದು ಎಂಬ ಗಟ್ಟಿ ಗೆರೆ ಎಳೆಯಬಹುದು.

ಹಾಗಾದರೆ ಆ ಬೂದಿ ಹೊಲಗಳಲ್ಲಿ ಏಕೆ ಕಾಣುವುದಿಲ್ಲವೆಂಬ ಪ್ರಶ್ನೆ ಸಹಜ. ಅದಕ್ಕೆ ನಮ್ಮ ಎರೆಮಣ್ಣಿನ ಸ್ವಭಾವವೇ ಮುಖ್ಯ ಕಾರಣ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಿರಿದು ಕೈ ಹೋಗುವಷ್ಟು ಅಗಲದ ಬಿರುಕುಗಳಾಗುವುದನ್ನು ಇಲ್ಲಿನ ಪ್ರತಿ ರೈತನೂ ಬಲ್ಲ. ಆ ಬಿರುಕುಗಳಲ್ಲಿ ಮೇಲ್ಮಣ್ಣು ಉದುರಿ ತಳ ಸೇರುತ್ತದೆ, ಮಳೆಗಾಲದಲ್ಲಿ ತಳದ ಮಣ್ಣು ಉಬ್ಬಿ ಮೇಲಕ್ಕೆ ಒತ್ತರಿಸುತ್ತದೆ. ಕೆಲವು ಸೆಂಟಿಮೀಟರ್ ದಪ್ಪದ ಬೂದಿಯ ಪದರ ಇಂತಹ ನೆಲದಲ್ಲಿ ಪದರವಾಗಿ ಬಹುಕಾಲ ಉಳಿಯಲಾರದು. ಮಡ್ಡಿಯ ಮೇಲಿದ್ದದ್ದು ಮಳೆಗೆ ತೊಳೆದುಹೋಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಬೂದಿ ಬೇಗ ಹೂತುಹೋದ ಸ್ಥಳಗಳಲ್ಲಿ: ಹೊಳೆ ದಾರಿ ಬದಲಿಸಿ ಬಿಟ್ಟುಹೋದ ಹಳೆಯ ಪಾತ್ರಗಳಲ್ಲಿ, ಹಳ್ಳ ಹೊಳೆ ಕೂಡುವ ತಗ್ಗುಗಳಲ್ಲಿ, ದಂಡೆ ಕಡಿದು ಮೆಕ್ಕಲಿನ ಪದರಗಳು ನೆಟ್ಟಗೆ ಕಾಣುವ ಕೊರಕಲುಗಳಲ್ಲಿ. ಬೋರಿಯಲ್ಲಿ ಬೂದಿ ಉಳಿದದ್ದು ಹೊಳೆಯ ಮೆಕ್ಕಲಿನೊಳಗೆ, ಜ್ವಾಲಾಪುರಂನಲ್ಲಿ ಉಳಿದದ್ದು ಕಣಿವೆಯ ತಗ್ಗಿನಲ್ಲಿ.

ಬೂದಿಯ ಸಾಕ್ಷ್ಯ ನಮ್ಮ ನೆಲಕ್ಕೆ ಇನ್ನೊಂದು ದೂರದ ಕಾಲದಿಂದಲೂ ಒದಗಿದೆ. ವಿಜಯಪುರ ಜಿಲ್ಲೆಯ ಬಹುಭಾಗವನ್ನೂ ಬೆಳಗಾವಿಯ ಉತ್ತರ, ಪಶ್ಚಿಮ ಭಾಗಗಳನ್ನೂ ಹೊದ್ದಿರುವ ಕರಿಕಲ್ಲು, ಮಹಾರಾಷ್ಟ್ರದಾಚೆಗೂ ಹಬ್ಬಿ ಇಂದಿಗೆ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿರುವ ಲಾವಾ ಪದರಗಳ ದಕ್ಷಿಣದ ಅಂಚು. ಆ ಪದರಗಳ ನಡುವೆ ಕೆಲವೆಡೆ ತೆಳುವಾದ ಕೆಂಪು ಮಣ್ಣಿನ ಪಟ್ಟಿಗಳಿರುತ್ತವೆ. ವಯಸ್ಸು ಅಳೆಯಲು ಒದಗುವ ಜಿರ್ಕಾನ್ ಎಂಬ ಖನಿಜದ ಹರಳು ಬಸಾಲ್ಟಿನಲ್ಲಿ ಸಿಗುವುದು ಅಪರೂಪ. ಆದರೆ ಪಶ್ಚಿಮ ಘಟ್ಟದ ಇಂತಹ ಕೆಂಪು ಪಟ್ಟಿಗಳಲ್ಲಿ ಜಿರ್ಕಾನ್‌ಗಳು ಸಿಕ್ಕಿದ್ದು, ಸಿಲಿಕಾ ಹೆಚ್ಚಿದ್ದ ಬೇರೆ ಸ್ಫೋಟಗಳ ಬೂದಿಯೊಡನೆ ಅವು ಬಂದು ಬಿದ್ದಿರಬೇಕೆಂದು ತಿಳಿಯಲಾಗಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬ್ಲೇರ್ ಶೂನ್ ಮತ್ತು ಸಂಗಡಿಗರು 2015ರಲ್ಲಿ ಆ ಹರಳುಗಳ ವಯಸ್ಸನ್ನು ಅಳೆದು, ಲಾವಾದ ಮುಖ್ಯ ಪ್ರವಾಹ ಸುಮಾರು ಏಳೂವರೆ ಲಕ್ಷ ವರ್ಷಗಳಷ್ಟು ಕಿರಿದಾದ ಅವಧಿಯಲ್ಲಿ ನಡೆಯಿತೆಂದು ತೋರಿಸಿದರು. ಡೈನೋಸಾರ್‌ಗಳ ಅಳಿವಿನಲ್ಲಿ ದಖ್ಖನ್ನಿನ ಪಾಲೆಷ್ಟು ಎಂಬ ಜಾಗತಿಕ ವಾದ ಇಂದು ನಿಂತಿರುವುದು ಇಂತಹ ಅಳತೆಗಳ ಮೇಲೆ. ಕಲ್ಲಿನ ಕ್ವಾರಿಗಳಲ್ಲಿ, ಬಾವಿಯ ಗೋಡೆಗಳಲ್ಲಿ ಕೆಂಪು ಪಟ್ಟಿ ಕಂಡವರು ಅದನ್ನು ಬರೀ ಕೆಟ್ಟ ಕಲ್ಲೆಂದು ಬದಿಗೆ ಸರಿಸುವುದುಂಟು; ಅದರೊಳಗೆ ಆ ಕಾಲದ ಲೆಕ್ಕ ಇರುವ ಸಾಧ್ಯತೆಯಿದೆ.

ಈಗ ಆಲಮಟ್ಟಿಯ ವಿಚಾರ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಮುಳುಗಡೆಯಾಗುವ 75 ಸಾವಿರಕ್ಕೂ ಹೆಚ್ಚು ಎಕರೆಗೆ ಪರಿಹಾರದ ದರವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿಗದಿಪಡಿಸಿತು. ಅಂತರರಾಜ್ಯ ತಕರಾರುಗಳು ಉಳಿದಿವೆಯಾದರೂ ಯೋಜನೆಯ ದಿಕ್ಕು ಸ್ಪಷ್ಟವಾಗಿದೆ. ನೀರಾವರಿಯ ಅಗತ್ಯವನ್ನಾಗಲಿ, ಭೂಮಿ ಮನೆ ಕಳೆದುಕೊಳ್ಳುವವರ ಪುನರ್ವಸತಿಯೇ ಮೊದಲ ಕರ್ತವ್ಯವೆಂಬುದನ್ನಾಗಲಿ ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಆ ಭೂಮಿಯಲ್ಲಿ ಹೊಳೆದಂಡೆಯ ಮೆಕ್ಕಲು ದೊಡ್ಡ ಪಾಲಿನಲ್ಲಿದೆ, ಮತ್ತು ಅದು ಒಮ್ಮೆ ನೀರಿನಡಿ ಹೋದರೆ, ಅದರ ಮೇಲೆ ಜಲಾಶಯದ ಹೂಳು ಕೂತರೆ, ಪದರಗಳನ್ನು ಓದುವ ಅವಕಾಶ ನಮ್ಮ ತಲೆಮಾರಿಗೆ ಮುಗಿಯುತ್ತದೆ. ಜಲಾಶಯದ ಹಿನ್ನೀರು ಏರಿ ಇಳಿಯುವ ಅಂಚಿನಲ್ಲಿ ದಂಡೆ ಕುಸಿದು ಪದರಗಳು ಕಲಸಿಹೋಗುತ್ತವೆ. ಮುಳುಗಡೆಗೆ ಮುಂಚೆ ದೇವಾಲಯ, ಶಾಸನ, ವೀರಗಲ್ಲುಗಳನ್ನು ಗುರುತಿಸಿ ಸ್ಥಳಾಂತರಿಸುವ ಪದ್ಧತಿ ನಮ್ಮಲ್ಲಿದೆ. ಮಣ್ಣಿನ ಪದರವನ್ನು ಸ್ಥಳಾಂತರಿಸಲು ಬರುವುದಿಲ್ಲ. ಅದರ ಮಾದರಿ ತೆಗೆದಿಡಲು ಬರುತ್ತದೆ. ಮರಳಿಗಾಗಿ, ಇಟ್ಟಿಗೆ ಭಟ್ಟಿಗಳಿಗಾಗಿ ದಂಡೆಯ ಮಣ್ಣು ತೆಗೆಯುವಲ್ಲಿ ಅಣೆಕಟ್ಟಿಗೂ ಮುಂಚೆಯೇ ಪದರಗಳು ಹೋಗುತ್ತಿವೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕೆಲಸ ದುಬಾರಿಯದಲ್ಲ. ಎತ್ತರದ ದಂಡೆಯೊಂದನ್ನು ಆರಿಸಿ, ಮೇಲಿನ ಸಡಿಲ ಮಣ್ಣನ್ನು ಕೆರೆದು ಹಸಿ ಮುಖವನ್ನು ತೆರೆದು, ತಳದಿಂದ ತುದಿಯವರೆಗೆ ಐದೋ ಹತ್ತೋ ಸೆಂಟಿಮೀಟರಿಗೊಂದರಂತೆ ಮಣ್ಣಿನ ಪೊಟ್ಟಣಗಳನ್ನು ತೆಗೆದು, ಸ್ಥಳ ಮತ್ತು ಆಳವನ್ನು ಬರೆದಿಡಬೇಕು. ಪ್ರಯೋಗಾಲಯದಲ್ಲಿ ಆ ಮಣ್ಣನ್ನು ತೊಳೆದು, ಸಣ್ಣ ಜರಡಿಗಳಲ್ಲಿ ಸೋಸಿ, ಸುಣ್ಣದ ಅಂಶವನ್ನು ಆಮ್ಲದಿಂದ ತೆಗೆದು, ಸಾಂದ್ರತೆ ಹೊಂದಿಸಿದ ದ್ರವದಲ್ಲಿ ಬಿಟ್ಟರೆ ಹಗುರವಾದ ಗಾಜು ಭಾರದ ಖನಿಜಗಳಿಂದ ಬೇರೆಯಾಗುತ್ತದೆ. ಇಲ್ಲಿಯವರೆಗಿನ ಹಂತಗಳನ್ನು ಭೂವಿಜ್ಞಾನ ಕಲಿಸುವ ಸಾಧಾರಣ ಕಾಲೇಜಿನಲ್ಲಿಯೂ ಮಾಡಬಹುದು; ಗಾಜಿನ ರಾಸಾಯನಿಕ ಅಳತೆಗೆ ಮಾತ್ರ ದೊಡ್ಡ ಸಂಸ್ಥೆಗಳ ನೆರವು ಬೇಕು. ನಾನು ಆರಿಸುವುದಾದರೆ ಮೊದಲ ಸಾಲಿನಲ್ಲಿ ಮೂರು ಕಡೆಗಳನ್ನು ಸೇರಿಸುತ್ತೇನೆ: ಮೇಲ್ಕೊಳ್ಳದ ಬೂದಿ ತೊಳೆದು ಬಂದಿರಬಹುದಾದ ವಿಜಯಪುರ ಜಿಲ್ಲೆಯ ಭೀಮೆಯ ದಂಡೆ, ಉಪಕರಣಗಳು ಈಗಾಗಲೇ ತಿಳಿದಿರುವ ಬಾದಾಮಿ ಸೀಮೆಯ ಮಲಪ್ರಭೆಯ ದಂಡೆ, ಮತ್ತು ಮುಳುಗಡೆಯ ನಕ್ಷೆಯೊಳಗೆ ಬರುವ ಬಾಗಲಕೋಟೆಯ ಸುತ್ತಲಿನ ಕೃಷ್ಣೆ, ಘಟಪ್ರಭೆಗಳ ಮೆಕ್ಕಲು. ಹೈಲಿ ಗುಬ್ಬಿ ಸ್ಫೋಟಿಸಿದಾಗ ಕಳೆದ 12 ಸಾವಿರ ವರ್ಷಗಳಲ್ಲಿ ಅದು ಸಿಡಿದ ದಾಖಲೆಯಿಲ್ಲವೆಂದು ವರದಿಗಳು ಹೇಳಿದವು. ದಾಖಲೆಯಿಲ್ಲದಿರುವುದಕ್ಕೆ ಅಲ್ಲಿ ಯಾರೂ ಸಾಕಷ್ಟು ಅಗೆದು ನೋಡಿರದಿದ್ದುದೂ ಒಂದು ಕಾರಣ. ಈ ಮೂರೂ ಕಡೆ ಮಾದರಿ ತೆಗೆದು ಗಾಜು ಸಿಗದಿದ್ದರೂ, ಹೊಳೆಗಳು ಆ ಕಾಲದಲ್ಲಿ ಮೆಕ್ಕಲು ಹಾಕುತ್ತಿದ್ದವೋ ದಂಡೆ ಕೊರೆಯುತ್ತಿದ್ದವೋ ಎಂಬ ಪ್ರಶ್ನೆಗೆ ಅಷ್ಟರಮಟ್ಟಿಗೆ ಉತ್ತರ ಸಿಗುತ್ತದೆ. ತೆಗೆದ ಮಾದರಿಗಳ ಒಂದು ಪಾಲನ್ನು ಹೊರಗೆ ಕಳಿಸದೆ ಜಿಲ್ಲೆಯಲ್ಲಿಯೇ, ಆಳದ ಪಟ್ಟಿಯೊಡನೆ, ಒಣಗಿಸಿ ಇಡುವುದು ಅಗತ್ಯ, ಏಕೆಂದರೆ ಬೋರಿಯ ಬೂದಿಯ ವಯಸ್ಸು ತಿದ್ದುಪಡಿಯಾಗಲು ಸಾಧ್ಯವಾದದ್ದು ಅದೇ ಬೂದಿಯನ್ನು ಹೊಸ ವಿಧಾನಗಳಿಂದ ಮತ್ತೆ ಮತ್ತೆ ಅಳೆಯಲು ಸಿಕ್ಕಿದ್ದರಿಂದ.